ಸೋದರಮಾವನ ಲಂಡನ್ ವಕಾಲತ್ತು

ವಾಡಿ ಜಂಕ್ಷನ್

ಲಂಡನ್ನಿಗೆ ಹೋಗಿ ಬಂದವನಿಗೆ ಸೇಡಂನ ಜನ ಮೊದಲು ಕೇಳುವುದು, ರಾಣಿಯನ್ನು ನೋಡಿದಿರೇನು ಎಂದು. ನೋಡಲಿಲ್ಲ. ಎರಡನೆಯದು, ಊಟಕ್ಕೆ ಏನು ಮಾಡಿದಿರಿ ಎಂದು. ಅದನ್ನು ಮುಂದೆ ಹೇಳುತ್ತೇನೆ. ಮೂರನೆಯದು, ಹೋದ ಕೆಲಸ ಆಯಿತೇ ಎಂದು. ಇದಕ್ಕೆ ಮಾತ್ರ ಒಂದು ಮಾತಿನಲ್ಲಿ ಉತ್ತರ ಕೊಡಲು ಬರುವುದಿಲ್ಲ. ಕಟಕಟೆಯಲ್ಲಿ ನಿಂತ ಸಾಕ್ಷಿಗಳಿಗೆ "ಹೌದೋ ಅಲ್ಲವೋ, ಅಷ್ಟೇ ಹೇಳು" ಎಂದು ಜೀವನವಿಡೀ ಗದರಿಸಿದ ವಕೀಲ ನಾನು. ಅವರ ಕಷ್ಟ ಈಗ ನನಗೆ ಗೊತ್ತಾಗುತ್ತಿದೆ.

ಶಹಾಬಾದಿನ ನನ್ನ ಕಕ್ಷಿದಾರನೊಬ್ಬ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ. ಕಲ್ಲು ಕೊಯ್ಯುವ ಯಂತ್ರ ಕಳಿಸುತ್ತೇವೆಂದ ಲಂಡನ್ನಿನ ಕಂಪನಿಯೊಂದು ವರ್ಷವಾದರೂ ಮಾತೇ ಆಡಲಿಲ್ಲ. "ವಕೀಲಸಾಬ, ನೀವೇ ಹೋಗಿ ಅವರ ಬಾಗಲದಾಗ ಕುಂದರ್ರಿ" ಎಂದು ಅವನು ನನ್ನನ್ನು ಹಡಗು ಹತ್ತಿಸಿದ. ಊರಿಗೆಲ್ಲ ಹೇಳಿದ್ದು ಇದನ್ನೇ. ಆದರೆ ನಾನು ನಿಜವಾಗಿ ಹೊರಟದ್ದು ನನ್ನ ಅಕ್ಕನ ಮಗಳು ನೀಲಾಳನ್ನು ಕರೆದುಕೊಂಡು ಬರಲಿಕ್ಕೆ.

ನೀಲಾಳ ತಂದೆ ವಾಡಿ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದರು. ಅವಳು ಇನ್ನೂ ಚಿಕ್ಕವಳಿರುವಾಗಲೇ ತೀರಿಕೊಂಡರು. ಅಂದಿನಿಂದ ಗಂಗಕ್ಕ ಮತ್ತು ನೀಲಾ ಸೇಡಂನಲ್ಲಿ ನನ್ನ ಮನೆಯಲ್ಲೇ ಇದ್ದಾರೆ. ಹುಡುಗಿ ಉರ್ದುವಿನಲ್ಲಿ ಓದಿ, ಹೈದರಾಬಾದಿನಲ್ಲಿ ಬಿ.ಎ. ಮಾಡಿ, ಸರ್ಕಾರದ ವಜೀಫೆಯ, ಅಂದರೆ ವಿದ್ಯಾರ್ಥಿವೇತನದ, ಮೇಲೆ ಲಂಡನ್ನಿಗೆ ಹೋದಳು. ಒಂದು ವರ್ಷ ಪಾಠ ಹೇಳುವುದನ್ನು ಕಲಿತು ಬರಬೇಕು, ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಗೆ ಹೆಡ್‌ಮಿಸ್ಟ್ರೆಸ್ ಆಗಬೇಕು, ಅದೇ ಚಿತ್ತಾಪುರದಲ್ಲಿ ನಾವು ನೋಡಿಟ್ಟ ಮನೆಗೆ ಸೊಸೆಯಾಗಬೇಕು. ಇಷ್ಟು ಗೊತ್ತಾಗಿತ್ತು. ಅಷ್ಟರಲ್ಲಿ ಅವಳ ಪತ್ರ ಬಂತು: ಇನ್ನೆರಡು ವರ್ಷ ಇಲ್ಲೇ ಇದ್ದು ಇತಿಹಾಸ ಮತ್ತು ಮಾನವಶಾಸ್ತ್ರ ಓದುತ್ತೇನೆ, ವಜೀಫೆ ಮುಂದುವರಿಯುತ್ತದೆ, ಪಾಲಕರ ಒಪ್ಪಿಗೆ ಬೇಕು. ಪಾಲಕ ಎಂದರೆ ನಾನು. ಸೋದರಮಾವ.

"ಮಾನವಶಾಸ್ತ್ರ ಅಂದ್ರ ಏನೋ ತಮ್ಮಾ?" ಎಂದು ಅಕ್ಕ ಕೇಳಿದಳು.

"ಮಂದಿ ಹ್ಯಾಂಗ ಉಣ್ತಾರ, ಹ್ಯಾಂಗ ಲಗ್ನ ಮಾಡ್ತಾರ, ಹ್ಯಾಂಗ ಮಣ್ಣು ಮಾಡ್ತಾರ, ಅದನ್ನ ಓದೋದು ಅಕ್ಕಾ."

"ಅದಕ್ಕ ವಿಲಾಯತಿಗಿ ಯಾಕ ಹೋಗಬೇಕು? ನನ್ನ ಮಗ್ಗಲಿಗಿ ಬಾಗಲದಾಗ ಕುಂತ್ರ ಎಲ್ಲಾ ಕಾಣ್ತದ."

ನನಗೂ ಆ ಮಾತು ನೂರಕ್ಕೆ ನೂರು ಸರಿ ಅನಿಸಿತು.

ವಾಡಿಯಲ್ಲಿ ಮುಂಬೈ ಗಾಡಿ ಹತ್ತುವಾಗ ಅಕ್ಕ ಬಂದಿದ್ದಳು. ಚಿಂಚೋಳಿಯಿಂದ ಖಾದರ್ ಮುನ್ಷಿಯವರೂ ಬಂದಿದ್ದರು. ನೀಲಾಳಿಗೆ ಉರ್ದು, ಫಾರಸಿ, ಮೇಲಿಷ್ಟು ಅರಬಿ ಕಲಿಸಿದ ಗುರುಗಳು ಅವರು. ಅಕ್ಕ ಡಬ್ಬಿಗಳನ್ನು ಸೀಟಿನ ಕೆಳಗೆ ತಳ್ಳುತ್ತ, "ಕರ್ಕೊಂಡೇ ಬಾ. ಒಬ್ಬವನೇ ಇಳಿದಿ ಅಂದ್ರ ನಾ ನಿನ್ನ ಮಾರಿ ನೋಡಂಗಿಲ್ಲ" ಎಂದಳು. ಅಕ್ಕ ಆಡಿದ ಮಾತು ತಪ್ಪುವವಳಲ್ಲ.

ಮುನ್ಷಿಯವರು ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದರು. "ವಕೀಲಸಾಬ, ಕರ್ಕೊಂಡು ಬರ್ಲಿಕ್ಕೆ ಹೊಂಟೀರಿ, ಛಲೋ. ಆದ್ರ ಅಕಿ ಏನು ಓದ್ಲಿಕತ್ತಾಳ, ಅದನ್ನ ಒಮ್ಮೆ ನೋಡ್ರಿ. ನೋಡಲಾರದ ಫೈಸಲಾ ಕೊಡಬ್ಯಾಡ್ರಿ."

"ನೋಡೋದೇನದ ಮುನ್ಷೀಜಿ" ಎಂದೆ. ಗಾಡಿ ಹೊರಟಿತು.

ಬಂದರು

ಹಡಗಿನಲ್ಲಿ ಹೋದವರು ಸಮುದ್ರದ ಬಣ್ಣ ವರ್ಣಿಸುತ್ತಾರೆ. ನಾನು ಬಹುಪಾಲು ನೋಡಿದ್ದು ತಗಡಿನ ಬಕೆಟಿನ ತಳವನ್ನು. ಹಾಗಾಗಿ ನೇರವಾಗಿ ಲಂಡನ್ನಿನ ಬಂದರಿಗೆ ಬರುತ್ತೇನೆ.

ಅಲ್ಲಿ ಸುಂಕದ ಅಧಿಕಾರಿ ನನ್ನ ಟ್ರಂಕು ತೆಗೆಸಿದ. ಹಳೆಯ ಉರ್ದು ಪತ್ರಿಕೆಯಲ್ಲಿ ಸುತ್ತಿದ ಬಿಳಿ ಗಟ್ಟಿಗಳು ಹೊರಬಂದವು. ಅವನು ಮೂಸಿದ, ಉಗುರಿನಿಂದ ಕೆರೆದ, ಇನ್ನೊಬ್ಬನನ್ನು ಕರೆದ.

"ಇದೇನು?"

"ಪವಿತ್ರ ಬೂದಿ" ಎಂದೆ ನನ್ನ ಕೋರ್ಟಿನ ಇಂಗ್ಲಿಷಿನಲ್ಲಿ.

"ಯಾರದು?"

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟೂ ನಗುವೂ ಕೂಡಿಯೇ ಬಂದವು. "ಸ್ವಾಮಿ, ನಾವು ನಮ್ಮವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಇದು ಆಕಳ ಸಗಣಿಯದು" ಎಂದೆ. ಇಬ್ಬರೂ ಕೈ ಹಿಂದಕ್ಕೆ ತೆಗೆದರು. ಬೇರೆ ದಾರಿ ಕಾಣದೆ ಅಲ್ಲೇ ಒಂದಿಷ್ಟು ಪುಡಿ ಮಾಡಿ ಹಣೆಗೆ ಮೂರು ಬೆರಳು ಎಳೆದು ತೋರಿಸಿದೆ. "ತಲೆನೋವಿಗೋ?" ಎಂದು ಅವನು ಗಂಭೀರವಾಗಿ ಕೇಳಿದ. "ಈಗ ಬಂದದ್ದಕ್ಕೂ ಆಗುತ್ತದೆ" ಎಂದೆ. ಅವನು ನಕ್ಕು ಟ್ರಂಕಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಬಿಟ್ಟ.

ಹೊರಗೆ ನೀಲಾ ನಿಂತಿದ್ದಳು. ಇಳಕಲ್ ಸೀರೆಯ ಮೇಲೆ ಮೊಣಕಾಲು ದಾಟುವ ಕರಿ ಕೋಟು. ಜನರ ನಡುವೆಯೇ ಬಗ್ಗಿ ಕಾಲು ಮುಟ್ಟಿದಳು. ಪಕ್ಕದ ದೊರೆಯೊಬ್ಬ ತಾನೂ ಬಗ್ಗಿ, ಏನು ಕಳೆದುಕೊಂಡಿರಿ ಎಂದು ನೆಲದ ಮೇಲೆ ಹುಡುಕತೊಡಗಿದ. ಹುಡುಗಿ ತೆಳ್ಳಗಾಗಿದ್ದಳು. ಕಣ್ಣಿನಲ್ಲಿ ಮಾತ್ರ ಹಳೆಯ ಹಟ ಹಾಗೇ ಇತ್ತು. ನನ್ನ ಎದೆ ತುಂಬಿ ಬಂತು. ಅದನ್ನು ತೋರಿಸಬಾರದೆಂದು, "ತಲಿಗಿ ಎಣ್ಣಿ ಹಚ್ಚೋದು ಬಿಟ್ಟೀಯೇನು?" ಎಂದು ಜೋರು ಮಾಡಿದೆ.

"ಮಾಮಾ, ಬಯ್ಯೋದು ಮನಿಗಿ ಹೋದ ಮ್ಯಾಲ ಬಯ್ಯಿರಿ. ಬಸ್ ತಪ್ತದ."

ಮಿಸೆಸ್ ಹಾಪ್ಕಿನ್ಸರ ಹೊಸ್ತಿಲು

ನೀಲಾ ಬಾಡಿಗೆಗಿದ್ದ ಮನೆ ಬಂದರಿನ ಕಡೆಯ ಒಂದು ಓಣಿಯಲ್ಲಿ. ಒಂದಕ್ಕೊಂದು ಬೆನ್ನು ಹಚ್ಚಿದ ಸಣ್ಣ ಸಣ್ಣ ಇಟ್ಟಿಗೆ ಮನೆಗಳು, ನಡುವೆ ಬಾಂಬು ಬಿದ್ದು ಬಯಲಾದ ಜಾಗಗಳು. ಆ ಬಯಲುಗಳಲ್ಲಿ ನೇರಳೆ ಬಣ್ಣದ ಹೂವಿನ ಗಿಡ ಎದೆಯುದ್ದ ಬೆಳೆದಿತ್ತು. ಮನೆಯೊಡತಿ ಮಿಸೆಸ್ ಹಾಪ್ಕಿನ್ಸ್, ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಮಾತು ಕಡಿಮೆ. ನನಗೂ ಮಾಳಿಗೆಯ ಮೇಲೆ ಒಂದು ಕೋಣೆ ಕೊಟ್ಟಳು.

ಊಟದ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಂಟ್ರೋಲ್ ದಿನಗಳ ಜೋಳದ ಹಾಗೆ ಅಲ್ಲಿ ಇನ್ನೂ ಬೆಣ್ಣೆ ಚೀಟಿಯ ಮೇಲೆ ಸಿಗುತ್ತಿತ್ತು. ತನ್ನ ಪಾಲಿನದರಲ್ಲಿ ನನಗೂ ಒಂದು ಚೂರು ತೆಗೆದಿಡುತ್ತಿದ್ದಳು ಆ ತಾಯಿ. ಅದಕ್ಕೆ ಪ್ರತಿಯಾಗಿ ನಾನು ಅಕ್ಕನ ಡಬ್ಬಿಯಿಂದ ಒಂದು ಕಡಕ್ ರೊಟ್ಟಿ ತೆಗೆದು ಎರಡೂ ಕೈಯಿಂದ ಕೊಟ್ಟೆ. ಅವಳು ಬಹಳ ಚೆನ್ನಾಗಿದೆ ಎಂದು ಮೆಚ್ಚಿ, ಮೇಜಿನ ನಡುವೆ ಇಟ್ಟು, ಅದರ ಮೇಲೆ ಬಿಸಿ ಚಹಾ ಕಿತ್ತಲಿ ಇಟ್ಟಳು. ನೀಲಾ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಕಿತ್ತಲಿಯ ಕೆಳಗಿನಿಂದ ರೊಟ್ಟಿ ತೆಗೆದು, ಮುರಿದು, ಶೇಂಗಾ ಹಿಂಡಿ ಹಚ್ಚಿ ಅವಳಿಗೆ ತಿನ್ನಿಸಿದೆವು. ಖಾರಕ್ಕೆ ಕಣ್ಣೀರು ಬಂದರೂ ಇನ್ನೊಂದು ತುಂಡು ಕೇಳಿದಳು.

ಮರುದಿನ ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ಓಣಿಯ ಹೆಂಗಸರೆಲ್ಲ ಮೊಣಕಾಲೂರಿ ತಮ್ಮ ತಮ್ಮ ಬಾಗಿಲ ಮೆಟ್ಟಿಲು ತಿಕ್ಕಿ ತೊಳೆಯುತ್ತಿದ್ದಾರೆ! ತೊಳೆದ ಮೇಲೆ ಸುಣ್ಣದ ಹೆಂಟೆಯಂಥ ಒಂದು ಬಿಳಿ ಕಲ್ಲಿನಿಂದ ಅದರ ಅಂಚು ಉಜ್ಜುತ್ತಿದ್ದಾರೆ. ಎಲಾ ಇವರ, ನಮ್ಮ ಸೇಡಂ ಇಲ್ಲೇ ಇದೆಯಲ್ಲ! ಇನ್ನೇನು ರಂಗೋಲಿ ಹಾಕುತ್ತಾರೆ ಎಂದು ಕಾದೆ. ಮಿಸೆಸ್ ಹಾಪ್ಕಿನ್ಸ್ ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಹೊಸ್ತಿಲು ಬೋಳಾಗಿಯೇ ಉಳಿಯಿತು.

ತೊಳೆದ ಹೊಸ್ತಿಲಿಗೆ ರಂಗೋಲಿ ಇಲ್ಲವೆಂದರೆ ನಮ್ಮಲ್ಲಿ ಒಂದೇ ಅರ್ಥ. ಮನೆಯಲ್ಲಿ ಸಾವಾಗಿದೆ. ಆಗ ನನಗೆ ಒಂದೊಂದೇ ಹೊಳೆಯತೊಡಗಿತು. ಬೀದಿ ಕಡೆಯ ಕೋಣೆಗೆ ಯಾವಾಗಲೂ ಪರದೆ ಎಳೆದೇ ಇತ್ತು, ಬಾಗಿಲು ಮುಚ್ಚಿತ್ತು. ಅಡುಗೆಮನೆಯ ಗೂಡಿನಲ್ಲಿ ಸಿಪಾಯಿ ಉಡುಪಿನ ಹುಡುಗನ ಫೋಟೋ, ಅದರ ಮೂಲೆಗೆ ಕರಿ ಪಟ್ಟಿ. ಅಯ್ಯೋ ಶಿವನೇ, ಸೂತಕದ ಮನೆಯಲ್ಲಿ ಕುಳಿತು ನಾವು ರೊಟ್ಟಿಯ ಮಾತಿಗೆ ನಕ್ಕೆವಲ್ಲ ಎಂದು ನಾಚಿಕೆಯಾಯಿತು.

ಸಾವಿನ ಮನೆಗೆ ಹೋದರೆ ನಾವು ಮಾತಾಡುವುದಿಲ್ಲ. ಹೋಗಿ ಕೂಡುತ್ತೇವೆ. ಮನೆಯವರೇ ಬಾಯಿ ಬಿಡುವ ತನಕ ನೀರೂ ಮುಟ್ಟುವುದಿಲ್ಲ. ನಾನು ಕೆಳಗಿಳಿದು, ಟೊಪ್ಪಿಗೆ ತೆಗೆದು, ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ತಲೆ ತಗ್ಗಿಸಿ ಕುಳಿತೆ. ಮಿಸೆಸ್ ಹಾಪ್ಕಿನ್ಸ್ ಚಹಾ ಕೊಟ್ಟಳು, ಮುಟ್ಟಲಿಲ್ಲ. ಆರಾಮವಿಲ್ಲವೇ ಎಂದು ಕೇಳಿದಳು, ತಲೆ ಅಲ್ಲಾಡಿಸಿದೆ. ಸ್ವಲ್ಪ ಹೊತ್ತು ಪಾತ್ರೆ ತೊಳೆದಳು. ಆಮೇಲೆ ಕೈ ಒರೆಸಿಕೊಂಡು ನನ್ನೆದುರು ಬಂದು ನಿಂತಳು.

"ಏನಾಯಿತು, ಮಿಸ್ಟರ್ ಶರಣಪ್ಪ?"

ಇನ್ನು ಸುಮ್ಮನಿರಲಾಗದೆ ಫೋಟೋದ ಕಡೆ ಕೈ ಮಾಡಿದೆ. "ಅಮ್ಮಾ, ಇವನು ಯಾವಾಗ ಹೋದ?"

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಯುದ್ಧ ಮುಗಿಯುವ ವರ್ಷ" ಎಂದಳು. ಮತ್ತೆ, "ಟಾಮ್. ಒಬ್ಬನೇ ಇದ್ದ." ಆಮೇಲೆ ಫೋಟೋದ ಗಾಜನ್ನು ಕೈಯಿಂದ ಒರೆಸುತ್ತ, "ಯಾರೂ ಕೇಳುವುದಿಲ್ಲ. ಈ ಓಣಿಯಲ್ಲಿ ಎಲ್ಲರಿಗೂ ಗೊತ್ತು, ಆದ್ದರಿಂದ ಯಾರೂ ಕೇಳುವುದಿಲ್ಲ" ಎಂದಳು.

ಅವಳು ಹೋಗಿ ಆ ಮುಚ್ಚಿದ ಕೋಣೆಯ ಬಾಗಿಲು ತೆಗೆದಳು. ಒಳಗೆ ಒಳ್ಳೆಯ ಕುರ್ಚಿಗಳು, ಗಾಜಿನ ಬೀರು, ಅವುಗಳ ನಡುವೆ ಒಂದು ಸೈಕಲ್ಲು. ಟಾಮನದು. ಸರಪಳಿಗೆ ಎಣ್ಣೆ ಹೊಳೆಯುತ್ತಿತ್ತು. ಅವಳು ಸೀಟಿನ ಮೇಲೆ ಕೈಯಿಟ್ಟುಕೊಂಡು ಮಗನ ಮಾತು ಆಡಿದಳು, ಅತ್ತಳು. ನಾನೂ ಅತ್ತೆ. ನನ್ನ ಭಾವ ನೆನಪಾದರು, ವಾಡಿಯ ಆ ಮನೆ ನೆನಪಾಯಿತು. ನೀಲಾ ಎದ್ದು ಕೆಳಗೆ ಬಂದಾಗ ನಾವಿಬ್ಬರೂ ಅಲ್ಲೇ ಕುಳಿತಿದ್ದೆವು. ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು.

ಪಕ್ಕದ ಮನೆ

"ಒಂದು ವರ್ಷ ಆತು ಮಾಮಾ, ಈ ಮನ್ಯಾಗ ಇರ್ಲಿಕತ್ತು. ಆ ಖೋಲಿ ಒಳಗ ನನಗ ಕಾಲಿಡ್ಲಿಕ್ಕ ಆಗಿದ್ದಿಲ್ಲ. ಮಗ ಇದ್ದ ಅಂತ ಸುದ್ದಾ ಅಕಿ ನನ್ನ ಮುಂದ ಅಂದಿದ್ದಿಲ್ಲ" ಎಂದಳು ನೀಲಾ.

ಬಿಡುತ್ತೇನೆಯೇ ನಾನು? ಅಲ್ಲೇ ವಾದ ಹೂಡಿದೆ. "ನೋಡು, ನೀ ವರ್ಷಾನುಗಟ್ಟಲೆ ಓದಿ ಮಾಡ್ಲಾರದ್ದು ನಾ ಒಂದು ಮುಂಜಾನೆ ಮಾಡಿದೆ. ಮತ್ತ ಈ ಓದು ಯಾಕ ಬೇಕು? ಮನಸು ಇದ್ರ ಸಾಕು. ಗಂಟು ಕಟ್ಟು, ನಡಿ ಊರಿಗಿ."

ಅವಳು ಪುಸ್ತಕದ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು. ಅದನ್ನು ನನ್ನ ಗೆಲುವೆಂದೇ ತಿಳಿದೆ.

ಆ ಹುಮ್ಮಸ್ಸಿನಲ್ಲಿ ಮರುದಿನ ಇನ್ನೊಂದು ಪುಣ್ಯದ ಕೆಲಸಕ್ಕೆ ಹೊರಟೆ. ಪಕ್ಕದ ಮನೆಯಲ್ಲೂ ಅದೇ ಬೋಳು ಹೊಸ್ತಿಲು, ಬೀದಿ ಕೋಣೆಗೆ ಅದೇ ಎಳೆದ ಪರದೆ. ಅಷ್ಟೇ ಅಲ್ಲ, ಆ ಮನೆಯ ಹೆಂಗಸು ಒಬ್ಬಳೇ ಓಡಾಡುತ್ತಿದ್ದಳು, ಗಂಡಸಿನ ಸುಳಿವಿರಲಿಲ್ಲ. ಪಾಪ, ಇವಳನ್ನೂ ಯಾರೂ ಕೇಳಿಲ್ಲ ಎಂದು ಟೊಪ್ಪಿಗೆ ಕೈಯಲ್ಲಿ ಹಿಡಿದು ಬಾಗಿಲು ತಟ್ಟಿದೆ. ತೆಗೆದವನು ಬನಿಯನ್ನಿನಲ್ಲಿದ್ದ ಒಬ್ಬ ದಪ್ಪ ಮುದುಕ.

ನಾನು ತಲೆ ತಗ್ಗಿಸಿ, "ಈ ಮನೆಯ ಯಜಮಾನರು ಯಾವಾಗ ಹೋದರು?" ಎಂದೆ.

"ಎಲ್ಲಿಗೆ?"

"ದೇವರ ಕಡೆಗೆ."

"ಈ ಮನೆಯ ಯಜಮಾನ ನಾನೇ!"

ಅವನು ರಾತ್ರಿ ಪಾಳಿಯ ಹಮಾಲ, ಹಗಲು ಮಲಗುತ್ತಾನೆ. ನಾನು ಎಬ್ಬಿಸಿದ್ದಲ್ಲದೆ ಸಾಯಿಸಿಯೂ ಬಿಟ್ಟಿದ್ದೆ. ಅವನ ಬೈಗುಳದಲ್ಲಿ ಅರ್ಧ ನನಗೆ ತಿಳಿಯಲಿಲ್ಲ, ತಿಳಿದ ಅರ್ಧವನ್ನು ಇಲ್ಲಿ ಬರೆಯಲಾರೆ. ನೀಲಾ ಓಡಿ ಬಂದು ಕ್ಷಮೆ ಕೇಳಿ ನನ್ನನ್ನು ಎಳೆದುಕೊಂಡು ಬಂದಳು.

ಒಳಗೆ ಕೂರಿಸಿ ಬಿಡಿಸಿ ಹೇಳಿದಳು. ಈ ಓಣಿಯಲ್ಲಿ ಬೀದಿ ಕಡೆಯ ಕೋಣೆ ಎಲ್ಲ ಮನೆಯಲ್ಲೂ ಮುಚ್ಚಿಯೇ ಇರುತ್ತದಂತೆ. ಮದುವೆ, ಸಾವು, ದೊಡ್ಡ ಅತಿಥಿ ಇವಕ್ಕಷ್ಟೇ ಅದು. ಇಬ್ಬರೇ ಇರಲಿ, ಹತ್ತು ಜನ ಇರಲಿ, ಹಿಂದಿನ ಅಡುಗೆಮನೆಯಲ್ಲೇ ಒತ್ತಿಕೊಂಡು ಬದುಕುತ್ತಾರೆ. ಬಡವರಾದರೂ ನಮಗೂ ಒಂದು ಮರ್ಯಾದೆಯ ಕೋಣೆ ಇದೆ ಎನ್ನುವುದು ಅವರ ಅಭಿಮಾನ.

"ನಿನ್ನೆ ನಿಮ್ಮ ಅಂದಾಜು ಹತ್ತಿತು, ಇವತ್ತು ತಪ್ಪಿತು. ಯಾಕ ಹತ್ತಿತು, ಯಾಕ ತಪ್ಪಿತು, ಅದನ್ನ ತಿಳ್ಕೊಳ್ಳೋದೇ ನನ್ನ ಓದು ಮಾಮಾ. ಮನಸು ಬೇಕು, ಇಲ್ಲಂತ ಅನ್ನಂಗಿಲ್ಲ. ಆದ್ರ ಬರೇ ಮನಸು ತಗೊಂಡು ಹೋದ್ರ ಬದುಕಿದ್ದವ್ರನ್ನ ಮಣ್ಣು ಮಾಡಿ ಬರ್ತೀವಿ."

ವಕೀಲನಿಗೆ ಎದುರು ವಕೀಲ ಒಳ್ಳೆಯವನು ಸಿಕ್ಕರೆ ಒಳಗೊಳಗೇ ಖುಷಿಯಾಗುತ್ತದೆ. ಮೇಲೆ ಮಾತ್ರ, "ಇರ್ಲಿ, ಇರ್ಲಿ" ಎಂದೆ.

ವಿದ್ಯಾಲಯ

ಯಂತ್ರದ ಕಂಪನಿಯ ಸಾಹೇಬರು ನನ್ನನ್ನು ಎದುರಿಗೆ ಕಂಡು ಗಾಬರಿಯಾಗಿ, ಮುಂದಿನ ಹಡಗಿಗೇ ಯಂತ್ರ ಹೊರಡಿಸುತ್ತೇವೆಂದು ಒಪ್ಪಿದರು. ಶಹಾಬಾದಿನವನು ಹೇಳಿದ್ದು ಖರೆ, ಬಾಗಿಲಲ್ಲಿ ಕೂತರೆ ಕೆಲಸವಾಗುತ್ತದೆ. ಮುನ್ಷಿಯವರ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಒಂದು ದಿನ ನೀಲಾಳ ಜೊತೆ, ಅವಳು ಆಗಲೇ ಹೋಗಿ ಕೂಡುತ್ತಿದ್ದ ಮಾನವಶಾಸ್ತ್ರದ ತರಗತಿಗೆ ಹೋದೆ.

ಸಣ್ಣ ಕೋಣೆ. ಬರ್ಮಾದ ಹುಡುಗಿ, ಈಜಿಪ್ಟಿನವನೊಬ್ಬ, ಮೂರ್ನಾಲ್ಕು ಬಿಳಿಯರು, ಆಫ್ರಿಕದ ಗೋಲ್ಡ್ ಕೋಸ್ಟಿನ ಮೆನ್ಸಾ ಎಂಬ ಎತ್ತರದ ಯುವಕ. ಪಾಠ ಹೇಳುವವರು ಬಿಳಿ ಕೂದಲಿನ ಒಬ್ಬ ಮಹಾತಾಯಿ. ಅವರು ಕರಿಹಲಗೆಯ ಮೇಲೆ ಎರಡು ಗೆರೆ ಎಳೆದು ಆ ದಿನದ ವಿಷಯ ಹೇಳಿದರು: ತಾಯಿಯ ಸಹೋದರ.

ನಾನು ನೀಲಾಳ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು, ತುಟಿ ಕಚ್ಚಿಕೊಂಡು.

ಲೋಕದಲ್ಲಿ ಎಷ್ಟೋ ನಾಡುಗಳಲ್ಲಿ ತಂದೆಗಿಂತ ಸೋದರಮಾವನ ಮಾತೇ ನಡೆಯುತ್ತದೆ, ಅಥವಾ ಅವನೇ ಹೆಚ್ಚು ಮುದ್ದು ಮಾಡುತ್ತಾನೆ, ಯಾಕೆ ಎಂಬುದು ಪಾಠ. ನನ್ನ ಬಗ್ಗೆ ನನ್ನೆದುರೇ ಒಂದು ಗಂಟೆ ವಿಚಾರಣೆ! ನಡುವೆ ತಡೆಯದೆ ಎದ್ದು ನಿಂತೆ. "ತಾಯಿ, ನಾನೇ ಒಬ್ಬ ಸೋದರಮಾವ. ತೊಟ್ಟಿಲಿಗೆ ಹಾಕುವಾಗ, ಲಗ್ನದಲ್ಲಿ ಅಂತರಪಟದ ಮುಂದೆ, ಎಲ್ಲ ಕಡೆ ನಾನು ಇರಲೇಬೇಕು. ನನ್ನ ಒಪ್ಪಿಗೆ ಇಲ್ಲದೆ ಅವಳ ಬದುಕಿನಲ್ಲಿ ಒಂದೂ ನಡೆಯುವುದಿಲ್ಲ" ಎಂದೆ.

ಮೆನ್ಸಾ ಕುರ್ಚಿಯಿಂದ ಹಾರಿ ಎದ್ದ. "ನಮ್ಮಲ್ಲೂ ಹಾಗೇ! ನನ್ನನ್ನು ಇಲ್ಲಿಗೆ ಕಳಿಸಿದ್ದೇ ನನ್ನ ಸೋದರಮಾವ. ಸೋದರಳಿಯ ಮುಂದೆ ಹೋಗದಿದ್ದರೆ ನಮ್ಮಲ್ಲಿ ಮರ್ಯಾದೆ ಹೋಗುವುದು ಮಾವನದು."

ಅವನು ಹಾಗೆಂದು ಎರಡೂ ಕೈಯಿಂದ ನನ್ನ ಕೈ ಹಿಡಿದು ಕುಲುಕಿದ. ಈ ಹುಡುಗಿಯನ್ನು ಕಳಿಸಿದವರು ನೀವೇ ತಾನೆ, ನಿಮಗೆ ಎಷ್ಟು ಹೆಮ್ಮೆಯಿರಬೇಕು ಎಂದ. ಎಲ್ಲರೂ ನನ್ನ ಕಡೆ ನೋಡಿ ನಕ್ಕರು, ಒಳ್ಳೆಯ ನಗು. ನಾನು ಕರೆದೊಯ್ಯಲು ಬಂದವನು ಎಂದು ಹೇಳುವ ಧೈರ್ಯ ಆಗಲಿಲ್ಲ. ನೀಲಾ ಕೂಡ ಹೇಳಲಿಲ್ಲ. ಅದು ಎಲ್ಲಕ್ಕಿಂತ ಹೆಚ್ಚು ನನ್ನನ್ನು ಚುಚ್ಚಿತು.

ಲಂಡನ್ನಿನಲ್ಲಿ ಮಳಖೇಡ

ತರಗತಿ ಮುಗಿದ ಮೇಲೆ ಅವಳು ನನ್ನನ್ನು ಒಂದು ದೊಡ್ಡ ಪುಸ್ತಕಾಲಯಕ್ಕೆ ಕರೆದೊಯ್ದಳು. ಕೆಮ್ಮಲಿಕ್ಕೂ ಹೆದರಿಕೆಯಾಗುವಷ್ಟು ನಿಶ್ಶಬ್ದ. ಒಂದು ಅರಬಿ ಗ್ರಂಥ ತರಿಸಿ, ಬೆರಳಿಟ್ಟು, ಪಿಸುದನಿಯಲ್ಲಿ ಓದಿ ಅರ್ಥ ಹೇಳಿದಳು. ಸಾವಿರ ವರ್ಷದ ಹಿಂದೆ ಅರಬರು ಬರೆದಿಟ್ಟದ್ದು. ಹಿಂದುಸ್ತಾನದ ರಾಜರಲ್ಲೆಲ್ಲ ದೊಡ್ಡವನು ಈ ಪಟ್ಟಣದಲ್ಲಿ ಇರುತ್ತಾನೆ ಎಂದು ಒಂದು ಹೆಸರಿತ್ತು. ಆ ಪಟ್ಟಣ ಯಾವುದು ಎಂದು ಕೇಳಿದೆ.

"ನಮ್ಮ ಮಳಖೇಡ, ಮಾಮಾ."

ಸೇಡಂನಿಂದ ಚಿತ್ತಾಪುರಕ್ಕೆ ಹೋಗುವಾಗ ಸಿಗುವ ಮಳಖೇಡ! ಕಾಗಿಣಾ ದಂಡೆಯ ಆ ಮುರುಕು ಕೋಟೆ! ಅದರ ಗೋಡೆಯ ಕಲ್ಲು ಕಿತ್ತು ದನದ ಕೊಟ್ಟಿಗೆ ಕಟ್ಟಿದವನ ಪರವಾಗಿ ನಾನೇ ಒಂದು ದಾವೆ ನಡೆಸಿದ್ದೇನೆ, ಗೆದ್ದೂ ಇದ್ದೇನೆ. ಹಳೆಯ ರಾಜರ ಊರೆಂದು ಶಾಲೆಯಲ್ಲಿ ಉರು ಹೊಡೆದದ್ದು ನೆನಪಿತ್ತು. ಆದರೆ ಕಡಲಾಚೆಯ ಜನ ಅದರ ಹೆಸರು ಹೇಳಿಕೊಂಡು ತಿರುಗಿದ್ದರು ಎಂದು ಗೊತ್ತಿರಲಿಲ್ಲ.

"ಒಂದು ಕಾಲಕ್ಕ ನಮ್ಮ ಕಡಿನೇ ರಾಜಧಾನಿ ಇತ್ತು. ಓದ್ಲಿಕ್ಕ, ನೋಡ್ಲಿಕ್ಕ ಮಂದಿ ಅಲ್ಲಿಗಿ ಬರ್ತಿದ್ರು. ಈಗ ನಮ್ಮ ಊರಿನ ಕಥಿ ಓದ್ಲಿಕ್ಕ ನಾ ಇಲ್ಲಿಗಿ ಬರಬೇಕಾಗ್ಯದ. ಎಲ್ಲಾ ದೇಶದ ಕಾಗದ, ಎಲ್ಲಾ ದೇಶದ ಮಂದಿ ಒಂದೇ ಕಡಿ ಸಿಗೋದು ಇಂಥಾ ಊರಾಗ. ಮುನ್ಷೀಜಿ ಕಲಿಸಿದ ಅರಬಿ ಇಲ್ಲಿ ಉಪಯೋಗಕ್ಕ ಬಂತು, ಅವರಿಗಿ ತಪ್ಪದೆ ಹೇಳ್ರಿ" ಎಂದಳು.

ಹೊರಗೆ ಬಂದು ಒಂದು ಬೆಂಚಿನ ಮೇಲೆ ಕುಳಿತೆವು. ಆಗ ಅವಳು ಒಂದು ಹಳೆಯ ಮಾತು ತೆಗೆದಳು. "ಕುಂಚಾವರಂದ ಪೋಚಮ್ಮನ ದಾವಾ ನೆನಪದ ಏನ್ರಿ?"

ನೆನಪಿಲ್ಲದೆ ಏನು. ಕುಂಚಾವರಂ ಕಾಡಿನ ಕಡೆಯ ಹೆಣ್ಣುಮಗಳು. ಹೊಡೆಯುವ ಗಂಡನನ್ನು ಬಿಟ್ಟಿದ್ದಳು. ಅವರ ಹಾಡಿಯ ಹಿರಿಯರು ಜನರ ಮುಂದೆ ಕಡ್ಡಿ ಮುರಿದು ಆ ಸಂಬಂಧ ಕಡಿದುಹಾಕಿದ್ದರು. ಅವಳು ಇನ್ನೊಂದು ಮದುವೆಯಾದಳು. ಹಳೆಯ ಗಂಡ ಕೋರ್ಟಿಗೆ ಬಂದ. ಅವಳು ತೆಲುಗಿನಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಯೋಚಿಸಿದೆ, ನ್ಯಾಯಾಧೀಶರು ಉರ್ದುವಿನಲ್ಲಿ ಬರೆದುಕೊಂಡರು. ಕಡ್ಡಿ ಮುರಿಯುವುದು ಪದ್ಧತಿ ಎನ್ನುವುದಕ್ಕೆ ಪುರಾವೆ ಎಲ್ಲಿ ಎಂದರು. ಎಲ್ಲೂ ಇರಲಿಲ್ಲ. ಸೋತೆವು. ಪೋಚಮ್ಮ ಕೋರ್ಟಿನ ಮೆಟ್ಟಿಲ ಮೇಲೆ ಕುಳಿತು ನನ್ನ ಮುಖ ನೋಡಿದ್ದಳು. ಸಣ್ಣ ನೀಲಾ ಆ ದಿನ ನನಗೆ ಬುತ್ತಿ ತಂದಿದ್ದಳು, ಅವಳೂ ನೋಡಿದ್ದಳು.

"ಅವರ ರೀತಿ-ರಿವಾಜು ಯಾರಾರ ಮೊದಲೇ ಹೋಗಿ, ಅವರ ಸಂಗಾಟ ಇದ್ದು, ಕೇಳಿ, ಬರದಿಟ್ಟಿದ್ರ ನಿಮ್ಮ ಕೈಯಾಗ ಪುರಾವಾ ಇರ್ತಿತ್ತು. ಹೌದಿಲ್ಲೋ?"

"ಹೌದು" ಎಂದೆ.

"ಎರಡು ವರ್ಷ ಕಲ್ತು ಬರ್ತೀನಿ. ಚಿಂಚೋಳಿಯೊಳಗ ಇರ್ತೀನಿ, ಕುಂಚಾವರಂದಾಗ ತಿರಗ್ತೀನಿ. ನಮ್ಮ ಓಣಿದೂ ಬರೀತೀನಿ. ಹೈದರಾಬಾದಿಗಿ ಫೌಜು ಬಂದು ಪೊಲೀಸ್ ಆ್ಯಕ್ಷನ್ ಆದ ವರ್ಷ ಎಷ್ಟೋ ಮಂದಿ ಸತ್ತು ನಮ್ಮ ಓಣ್ಯಾಗ ಯಾವ್ಯಾವ ಬಾಗಲ ಎಷ್ಟು ದಿನ ಮುಚ್ಚಿದ್ವು, ನೀವೇ ನೋಡೀರಿ. ಈ ಮಿಸೆಸ್ ಹಾಪ್ಕಿನ್ಸರಂಗ ಅಲ್ಲೀನೂ ಯಾರೂ ಯಾರಿಗೂ ಕೇಳಂಗಿಲ್ಲ. ಕೇಳೋದು ಹ್ಯಾಂಗ ಅಂತ ಕಲಿಬೇಕಾಗ್ಯದ ಮಾಮಾ. ಲಗ್ನ ಬ್ಯಾಡ ಅನ್ನಾಕತ್ತಿಲ್ಲ. ತಡೀರಿ ಅನ್ನಾಕತ್ತೀನಿ."

ನಾನು ಜೇಬಿನಲ್ಲಿದ್ದ ರೊಟ್ಟಿಯ ಚೂರುಗಳನ್ನು ಪಾರಿವಾಳಗಳಿಗೆ ಹಾಕಿ ಮುಗಿಸಿದೆ. ನಂತರ ಅವಳ ಪೆನ್ನು ಇಸಿದುಕೊಂಡು, ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದೆ. ಅವಳು ಅತ್ತಳು. ನಾನು ಅಕ್ಕನ ಮುಖ ನೆನೆದು ಬೆವತೆ.

ನಾನು ಹೊರಡುವ ದಿನದ ಮುಂಜಾನೆ ಮಿಸೆಸ್ ಹಾಪ್ಕಿನ್ಸ್ ಹೊಸ್ತಿಲು ತೊಳೆದು, ನೀಲಾಳನ್ನು ಕರೆದು, ನಿನ್ನ ಮಾವನಿಗೆ ಇಲ್ಲಿ ಏನು ಕಾಣಲಿಲ್ಲವೋ ಅದನ್ನು ಹಾಕು ಎಂದಳು. ನೀಲಾ ಸೀಮೆಸುಣ್ಣ ಹಿಡಿದು ಬಗ್ಗಿದಳು. ಓಣಿಯ ಹೆಂಗಸರು ಬಕೆಟ್ ಬಿಟ್ಟು ಬಂದು ನಿಂತರು. ಹಾಲಿನವನು ಬಾಟಲಿಯನ್ನು ರಂಗೋಲಿಗೆ ತಾಗದಂತೆ ದೂರವಿಟ್ಟ. ಪಕ್ಕದ ಮನೆಯ ಯಜಮಾನ ಕಿಟಕಿಯಿಂದ ತಲೆ ಹಾಕಿ, ತಾನು ಇನ್ನೂ ಬದುಕಿದ್ದೇನೆ ಎಂದು ನನಗೆ ಕೂಗಿ ಹೇಳಿದ. ಎಲ್ಲರೂ ನಕ್ಕರು, ನಾನೂ ಕೈ ಮುಗಿದೆ.

ವಾಡಿಯಿಂದ ಸೇಡಂ

ವಾಡಿಯಲ್ಲಿ ಒಬ್ಬನೇ ಇಳಿದೆ. ಅಕ್ಕ ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿದ್ದಳು. ನನ್ನ ಹಿಂದೆ ಬಾಗಿಲನ್ನೇ ನೋಡಿದಳು. ಬೇರೆ ಯಾರೋ ಇಳಿದರು, ಆಮೇಲೆ ಯಾರೂ ಇಳಿಯಲಿಲ್ಲ. ಅವಳು ಹೊರಳಿ ಹೋಗಿ ಸೇಡಂ ಗಾಡಿಯಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತುಬಿಟ್ಟಳು.

ನಾನು ಎದುರಿನ ಸೀಟಿನಲ್ಲಿ ಕುಳಿತು ವಕಾಲತ್ತು ಶುರುಮಾಡಿದೆ. ಇಷ್ಟು ಕಠಿಣ ಪೀಠದ ಮುಂದೆ ಹಿಂದೆಂದೂ ನಿಂತಿರಲಿಲ್ಲ. ಕಿತ್ತಲಿಯ ಕೆಳಗಿನ ರೊಟ್ಟಿ ಹೇಳಿದೆ, ನಗಲಿಲ್ಲ. ಟಾಮನ ಸೈಕಲ್ಲು ಹೇಳಿದೆ, ಸೆರಗು ಕಣ್ಣಿಗೆ ಹೋಯಿತು, ಮಾತು ಬರಲಿಲ್ಲ. ಚಿತ್ತಾಪುರ ಬಂತು. ಬೀಗರಾಗಬೇಕಿದ್ದವರ ಊರು. ಅವಳು ಸೆರಗು ಮುಂದೆ ಎಳೆದುಕೊಂಡಳು. ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಅರಬರ ಗ್ರಂಥದ ಕಥೆ ಹೇಳಿದೆ. "ಆ ಮಳಖೇಡದ ಕೋಟಿ ಎಲ್ಲಿ ಓಡಿ ಹೋಗ್ತದ" ಎಂದಳು. ಅಷ್ಟಾದರೂ ಬಾಯಿ ಬಿಟ್ಟಳಲ್ಲ ಎಂದುಕೊಂಡೆ.

ನನ್ನ ಬಳಿ ಇನ್ನು ಹೇಳಲು ಉಳಿದಿದ್ದು ಕೊನೆಯ ದಿನದ ರಂಗೋಲಿ ಒಂದೇ. ಅದನ್ನೂ ಹೇಳಿದೆ. ಅಕ್ಕ ನನ್ನ ಕಡೆ ತಿರುಗಿದಳು.

"ಯಾವ ರಂಗೋಲಿ?"

"ನನಗೇನು ಗೊತ್ತಾಗ್ತದ ಅಕ್ಕಾ, ರಂಗೋಲಿ ಅಂದ್ರ ರಂಗೋಲಿ."

"ಹಾಕಿ ತೋರಸು."

ಗಾಡಿಯ ಹಲಗೆಯ ಮೇಲೆ ಇದ್ದಿಲ ಮಸಿ ಕೂತಿತ್ತು. ನೆನಪಿದ್ದಷ್ಟು ಬೆರಳಿನಿಂದ ಗೀಚಿದೆ. ನಡುವೆ ಒಂದು ಬಿಲ್ವದ ಎಲೆ, ಸುತ್ತ ಬಳ್ಳಿ, ಬಳ್ಳಿಯ ತುದಿ ಒಂದು ಕಡೆ ಸೇರದೆ ಹೊರಗೆ ಹೋಗಿತ್ತು. ನನ್ನ ಕೈಯ ತಪ್ಪೆಂದು ಒರೆಸಲು ಹೋದೆ.

"ಬಿಡು, ಒರಸಬ್ಯಾಡ." ಅಕ್ಕ ಬಗ್ಗಿ ನೋಡಿದಳು. "ಅದು ತಪ್ಪಲ್ಲ. ನಮ್ಮ ಅವ್ವ ಹಂಗೇ ಹಾಕ್ತಿದ್ದಳು. ನಾನೂ ಹಂಗೇ. ಹೋದವ್ರು ತಿರುಗಿ ಬರ್ಲಿಕ್ಕ ದಾರಿ ಇರಲಿ ಅಂತ." ಸ್ವಲ್ಪ ಹೊತ್ತು ಬೆರಳು ಆ ಬಿಟ್ಟ ತುದಿಯ ಮೇಲೆ ಇಟ್ಟುಕೊಂಡಿದ್ದಳು. "ಅಕಿಗಿ ನಾ ಇದನ್ನ ಕಲಿಸಿದ್ದಿಲ್ಲ. ನೋಡಿ ಕಲ್ತಾಳ."

ಸೇಡಂ ಬಂತು. ಅಕ್ಕ ಮನೆಗೆ ಬಂದವಳೇ ಕೈಕಾಲು ತೊಳೆದು, ಜರಡಿ ತೆಗೆದುಕೊಂಡು ಪಡಸಾಲೆಯಲ್ಲಿ ಕುಳಿತು ರಂಗೋಲಿ ಪುಡಿ ಸೋಸತೊಡಗಿದಳು. ಬಹಳ ನುಣ್ಣಗೆ, ಎರಡೆರಡು ಸಲ.

"ಏನು ಮಾಡ್ಲಿಕತ್ತೀ ಅಕ್ಕಾ?"

"ಸೀಮಿಸುಣ್ಣದಾಗ ಹಾಕಿದ್ರ ಎಳಿ ದಪ್ಪ ಬರ್ತಾವ. ಎರಡು ವರ್ಷಕ್ಕ ಎಷ್ಟು ಬೇಕಾಗ್ತದ ಹೇಳು. ಆ ಮನಿ ಒಡತಿ ಬಾಯಿಗೂ ಸೇರಿಸಿ ಕಳಸಬೇಕು."

ನನಗೆ ಬಂದರಿನ ಅಧಿಕಾರಿ ನೆನಪಾಗಿ, "ಬಿಳಿ ಪುಡಿ ನೋಡಿದ್ರ ಅವರು ಬಿಡಂಗಿಲ್ಲ ಅಕ್ಕಾ, ಏನಿದು ಅಂತ ಕೇಳ್ತಾರ" ಎಂದೆ.

ಅವಳು ಜರಡಿಯಿಂದ ತಲೆ ಎತ್ತಲಿಲ್ಲ.

"ಕೇಳ್ಲಿ. ಹೇಳ್ಲಿಕ್ಕ ಅಲ್ಲಿ ನನ್ನ ಮಗಳು ಇದ್ದಾಳ."